ಹಟ ಎನ್ನುವ ಮೊದಲು

ಗದಗ-ಬೆಟಗೇರಿಯಲ್ಲಿ ನಳ ಬರುವ ದಿನ ಹೇಗಿರುತ್ತದೆ ಎಂಬುದು ಅಲ್ಲಿನವರಿಗೆ ಚೆನ್ನಾಗಿ ಗೊತ್ತು. ದಿನಗಟ್ಟಲೆ ಕಾದ ಮೇಲೆ, ಒಂದು ನಸುಕಿನಲ್ಲಿ, "ನಳಾ ಬಂದಾವ್ರೀ" ಎಂದು ಓಣಿಯಲ್ಲಿ ಯಾರೋ ಕೂಗುತ್ತಾರೆ. ಅಲ್ಲಿಂದ ಮನೆಯ ಕ್ರಮವೇ ತಪ್ಪಿಹೋಗುತ್ತದೆ. ಮೋಟಾರು ಶುರುವಾಗುತ್ತದೆ. ಕೊಡ, ಬಕೀಟು, ಬ್ಯಾರೆಲ್ಲು ಎಲ್ಲ ನಡುಮನೆಗೆ ಬರುತ್ತವೆ. ಚಹಾ ಮರೆತುಹೋಗುತ್ತದೆ.

ಬೆಟಗೇರಿಯ ನೇಕಾರ ಓಣಿಯ ಒಂದು ಮನೆ. ಆರು ವರ್ಷದ ಹುಡುಗ. ದಿನವೂ ಎದ್ದ ಕೂಡಲೇ ಬಾಗಿಲ ಪಕ್ಕದ ಮೂಲೆಯಲ್ಲಿ ಕೂಡುತ್ತಾನೆ. ಅಲ್ಲೇ, ಅದೇ ಲೋಟದಲ್ಲಿ ಹಾಲು ಕುಡಿಯುತ್ತಾನೆ. ನಳ ಬಂದ ದಿನ ಆ ಮೂಲೆಯಲ್ಲಿ ಬ್ಯಾರೆಲ್ಲು ನಿಂತಿರುತ್ತದೆ. ಮೋಟಾರು ಗರ್ ಎನ್ನುತ್ತಿರುತ್ತದೆ. ಹುಡುಗ ಎರಡೂ ಕಿವಿ ಮುಚ್ಚಿಕೊಂಡು ನೆಲಕ್ಕೆ ಬೀಳುತ್ತಾನೆ. ಅರ್ಧ ತಾಸು ಚೀರುತ್ತಾನೆ. ನೆರೆಮನೆಯ ಆಯಿ ಬಂದು ಹೇಳುತ್ತಾರೆ: "ಭಾಳ ಹಟಮಾರಿ ಆಗ್ಯಾನವಾ ನಿನ್ನ ಮಗಾ. ಎರಡು ಏಟು ಹಾಕು, ತಾನಾಗೇ ಸುಮ್ಮನಾಕ್ಕಾನ." ತಾಯಿ ಹೊಡೆಯುತ್ತಾಳೆ. ಚೀರಾಟ ಹೆಚ್ಚಾಗುತ್ತದೆ.

ಇಲ್ಲೊಂದು ಪ್ರಶ್ನೆ ಕೇಳಬೇಕು. ಆ ಓಣಿಯಲ್ಲಿ ದಿನವಿಡೀ ಮಗ್ಗದ ಸಪ್ಪಳ. ಅದರ ನಡುವೆ ಈ ಹುಡುಗ ನಿದ್ದೆ ಮಾಡುತ್ತಾನೆ. ಹಾಗಿದ್ದರೆ ಮೋಟಾರಿಗೆ ಯಾಕೆ ಇಷ್ಟು ಹೆದರಬೇಕು? ಮಗ್ಗಕ್ಕೆ ಲಯವಿದೆ. ಮುಂದಿನ ಏಟು ಯಾವಾಗ ಬೀಳುತ್ತದೆ ಎಂಬುದು ಅವನಿಗೆ ಗೊತ್ತು. ಮೋಟಾರು ಹೇಳದೆ ಕೇಳದೆ ಶುರುವಾಗುತ್ತದೆ. ಕೂಡುವ ಜಾಗವೂ ಅದೇ ಹೊತ್ತಿಗೆ ಹೋಗುತ್ತದೆ. ಅವನಿಗೆ ಆಟಿಸಂ ಇದೆ. ಮಾತು ಇನ್ನೂ ಬಂದಿಲ್ಲ. ತನಗೆ ಏನಾಗುತ್ತಿದೆ ಎಂಬುದನ್ನು ಅವನು ಹೇಳಬಹುದಾದ ದಾರಿ ಆ ಚೀರಾಟ ಒಂದೇ.

ಇವತ್ತು ನಾನು ಹೇಳಬೇಕೆಂದಿರುವ ವಿಷಯವೂ ಇದೊಂದೇ. ಮಗುವಿನ ನಡವಳಿಕೆಗೆ ಹಟ ಎಂಬ ಹೆಸರು ಕೊಡುವ ಮೊದಲು, ಅದು ಏನನ್ನು ಹೇಳುತ್ತಿದೆ ಎಂದು ನೋಡಬೇಕು.

ಮೊದಲಿಗೆ, ಯಾವ ಮಕ್ಕಳ ಬಗ್ಗೆ ಈ ಮಾತು? ಕೆಲವು ಮಕ್ಕಳ ಮಿದುಳಿನ ಬೆಳವಣಿಗೆ ಹುಟ್ಟಿನಿಂದಲೇ ಬೇರೆ ದಾರಿ ಹಿಡಿದಿರುತ್ತದೆ. ಆಟಿಸಂ ಇರುವ ಮಗುವಿಗೆ ಜನರೊಡನೆ ಬೆರೆಯುವ ರೀತಿ ಬೇರೆ. ಸದ್ದು, ಬೆಳಕು, ಸ್ಪರ್ಶ ತಟ್ಟುವ ರೀತಿ ಬೇರೆ. ಎಡಿಎಚ್‌ಡಿ ಇರುವ ಮಗುವಿಗೆ ಗಮನ ಇರುತ್ತದೆ, ಆದರೆ ಅದನ್ನು ಬೇಕಾದ ಕಡೆ ನಿಲ್ಲಿಸುವುದು ಅದರ ಕೈಯಲ್ಲಿರುವುದಿಲ್ಲ. ಡಿಸ್ಲೆಕ್ಸಿಯಾ ಇರುವ ಮಗು ಮಾತಿನಲ್ಲಿ ಚುರುಕು, ಅಕ್ಷರದ ಮುಂದೆ ಸೋಲುತ್ತದೆ. ಎಷ್ಟೋ ಮಕ್ಕಳಲ್ಲಿ ಇವು ಒಂದರ ಜೊತೆ ಇನ್ನೊಂದು ಸೇರಿಕೊಂಡಿರುತ್ತವೆ.

ಇಂಥ ಮಕ್ಕಳು ಅಪರೂಪವೇ? ನಮ್ಮ ದೇಶದ ಐದು ಕಡೆ ನಡೆದ ಒಂದು ದೊಡ್ಡ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ನಮಗೆ ಹತ್ತಿರದ ಉತ್ತರ ಗೋವಾ ಕೂಡ ಅದರಲ್ಲಿತ್ತು. ಎರಡರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಹೆಚ್ಚುಕಡಿಮೆ ಎಂಟರಲ್ಲೊಬ್ಬರಿಗೆ ನರ ಬೆಳವಣಿಗೆಯ ಯಾವುದಾದರೊಂದು ತೊಂದರೆ ಕಂಡಿತು. ಕಿವಿ, ಕಣ್ಣು, ಮೂರ್ಛೆಯ ತೊಂದರೆಗಳನ್ನೂ ಸೇರಿಸಿದ ಲೆಕ್ಕ ಅದು. ಆಟಿಸಂ ಒಂದನ್ನೇ ತೆಗೆದುಕೊಂಡರೆ ಜಗತ್ತಿನಲ್ಲಿ ಸುಮಾರು ನೂರು ಮಕ್ಕಳಿಗೆ ಒಬ್ಬರು. ಅಂದರೆ ಶಿರಹಟ್ಟಿಯ ಒಂದು ದೊಡ್ಡ ಶಾಲೆಯಲ್ಲಿ, ಮುಂಡರಗಿ ಕಡೆಯ ಒಂದು ಊರಿನಲ್ಲಿ ಇಂಥ ಮಗು ಇದ್ದೇ ಇರುತ್ತದೆ.

ಇನ್ನು ತಾಯಂದಿರ ಎದೆಯಲ್ಲಿ ಕುಳಿತಿರುವ ಒಂದು ಪ್ರಶ್ನೆ. "ಬಸುರಿದ್ದಾಗ ನಾ ಏನರ ತಪ್ಪು ಮಾಡಿದೆನೇನ್ರೀ?" ಎಷ್ಟೋ ತಾಯಂದಿರು ನನ್ನ ಬಳಿ ಇದನ್ನು ಕೇಳಿದ್ದಾರೆ. ಗಂಡನ ಮನೆಯವರ ಮುಂದೆ ಕೇಳುವುದಿಲ್ಲ, ಬಾಗಿಲವರೆಗೆ ಕಳಿಸಲು ಬಂದಾಗ ಮೆಲ್ಲಗೆ ಕೇಳುತ್ತಾರೆ. ನಾನು ಸ್ಪಷ್ಟವಾಗಿ ಹೇಳುತ್ತೇನೆ. ತಪ್ಪು ನಿಮ್ಮದಲ್ಲ. ಅಮೆರಿಕದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಬಗ್ಗೆ ವಿವರವಾಗಿ ಬರೆದರು. ಆಮೇಲೆ ಹಲವು ವರ್ಷ ದೊಡ್ಡ ದೊಡ್ಡ ವಿದ್ವಾಂಸರೇ ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆ ಎಂದು ಸಾರಿದರು. ಅದು ಶುದ್ಧ ಸುಳ್ಳು ಎಂದು ತೀರ್ಮಾನವಾಗಿ ಬಹಳ ಕಾಲವಾಯಿತು. ಆಟಿಸಂನ ಬೇರು ಬಹುಪಾಲು ವಂಶವಾಹಿಗಳಲ್ಲಿದೆ. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಮಾತೂ ಅಷ್ಟೇ ಸುಳ್ಳು. ಆ ಭಯ ಹುಟ್ಟಿಸಿದ ಲೇಖನ 1998ರಲ್ಲಿ ಬಂತು. ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂದೆಗೆದುಕೊಂಡಿತು. ಚಿಕ್ಕ ಮಗುವಿಗೆ ಲಸಿಕೆ ತಪ್ಪಿಸಬೇಡಿ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಮಗುವಿನ ನಡವಳಿಕೆ ಏನನ್ನೋ ಹೇಳುತ್ತಿದೆ. ಇಂಥ ಮಕ್ಕಳು ಎಲ್ಲ ಊರಲ್ಲೂ ಇದ್ದಾರೆ. ತಾಯಿ ಇದಕ್ಕೆ ಕಾರಣಳಲ್ಲ. ಈಗ, ಮಗು ಹೇಳುತ್ತಿರುವುದನ್ನು ಕೇಳಿಸಿಕೊಳ್ಳುವುದು ಹೇಗೆ? ಅಡುಗೆಮನೆಯಿಂದಲೇ ನೋಡೋಣ.

ಲಕ್ಷ್ಮೇಶ್ವರದ ಒಂದು ಮನೆಯಲ್ಲಿ ಎಂಟು ವರ್ಷದ ಹುಡುಗಿ. ಕಡಕ್ ರೊಟ್ಟಿ ಮಾತ್ರ ತಿನ್ನುತ್ತಾಳೆ. ಬಿಸಿ ರೊಟ್ಟಿ ಬಾಯಿಗೆ ಹೋದರೆ ಉಗುಳುತ್ತಾಳೆ. ಪಲ್ಯ ರೊಟ್ಟಿಗೆ ತಾಗಿದರೆ ತಾಟನ್ನೇ ತಳ್ಳುತ್ತಾಳೆ. "ಅನ್ನಕ್ಕ ಅಪಮಾನ ಮಾಡ್ತಾಳ" ಎಂದು ಅಜ್ಜಿಗೆ ಸಿಟ್ಟು. ವಿಚಾರ ಮಾಡಿ ನೋಡಿ. ಕಡಕ್ ರೊಟ್ಟಿ ದಿನವೂ ಒಂದೇ ರೀತಿ ಮುರಿಯುತ್ತದೆ. ಬಾಯಲ್ಲಿ ಅದೇ ಸಪ್ಪಳ ಮಾಡುತ್ತದೆ. ಮೆತ್ತಗಿನ, ಹಸಿ ಹಸಿಯಾದ ಸ್ಪರ್ಶ ಆಕೆಯ ನಾಲಿಗೆಗೆ ವಾಕರಿಕೆ ತರಿಸುತ್ತದೆ. ಅದು ಸೊಕ್ಕೂ ಅಲ್ಲ, ಅಪಮಾನವೂ ಅಲ್ಲ. ಆ ಮನೆಯವರು ಮಾಡಿದ್ದು ಸಣ್ಣ ಕೆಲಸ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬೇರೆ ಬೇರೆ ಬಟ್ಟಲಲ್ಲಿ ಕೊಟ್ಟರು. ಹೊಸ ಪದಾರ್ಥವನ್ನು ತಾಟಿನ ಪಕ್ಕ, ಇನ್ನೊಂದು ತಟ್ಟೆಯಲ್ಲಿ, ಸುಮ್ಮನೆ ಇಟ್ಟರು. ತಿನ್ನು ಎನ್ನಲಿಲ್ಲ. ವಾರಗಳು ಕಳೆದ ಮೇಲೆ ಆಕೆ ಮುಟ್ಟಿ ನೋಡಿದಳು. ಮೂಸಿದಳು. ಮತ್ತೂ ಕೆಲವು ವಾರಕ್ಕೆ ಒಂದು ಚೂರು ಜುಣಕದ ವಡಿ ಬಾಯಿಗೆ ಹೋಯಿತು. ಪುಂಡಿಪಲ್ಯ ಇವತ್ತಿಗೂ ಇಲ್ಲ. ನಡೆಯುತ್ತದೆ, ಬಿಡಿ.

ಊಟದ ಮಾತಾಯಿತು. ಇನ್ನು ಜಾತ್ರೆ. ನಮ್ಮ ಕಡೆ ಜಾತ್ರೆ ಬಿಟ್ಟು ಬದುಕಿಲ್ಲ. ಗದುಗಿನಲ್ಲಿ ತೋಂಟದಾರ್ಯ ಮಠ, ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠ, ಮುಂಡರಗಿಯಲ್ಲಿ ಅನ್ನದಾನೀಶ್ವರ ಮಠ, ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ. ತೇರು ಎಳೆಯುವ ಹೊತ್ತಿನ ಸದ್ದನ್ನು ಒಮ್ಮೆ ನೆನಪಿಸಿಕೊಳ್ಳಿ. ಝಾಂಜ್ ಮೇಳ, ಡೊಳ್ಳು, ಮೈಕು, ಪೀಪಿ, ಪಟಾಕಿ. ಮೇಲಿಂದ ಉತ್ತತ್ತಿ ಬೀಳುತ್ತಿರುತ್ತದೆ. ಮಿರ್ಚಿ ಕರಿಯುವ ಎಣ್ಣೆಯ ಘಾಟು. ಹಿಂದಿನಿಂದ ನೂಕುವ ಮೈಗಳು. ನಮಗೆ ಇದೆಲ್ಲ ಸೇರಿ ಸಂಭ್ರಮ. ಆ ಮಗುವಿಗೆ ಪ್ರತಿಯೊಂದೂ ಬಿಡಿಬಿಡಿಯಾಗಿ, ಪೂರ್ತಿ ಜೋರಾಗಿ ಬಂದು ಬಡಿಯುತ್ತದೆ. ಮಗು ಕೈ ಕೊಸರಿಕೊಂಡು ಓಡುತ್ತದೆ, ಇಲ್ಲವೇ ತನ್ನ ಕೈ ತಾನೇ ಕಚ್ಚಿಕೊಳ್ಳುತ್ತದೆ.

ಹಾಗಂತ ಮಗುವನ್ನು ಮನೆಯಲ್ಲಿ ಕೂಡಿಹಾಕಿ ಹೋಗಬೇಕೇ? ಬೇಡ. ಜಾತ್ರೆ ಆ ಮಗುವಿನದೂ ಹೌದು. ಬೆಳಿಗ್ಗೆ ಬೇಗ ಕರೆದುಕೊಂಡು ಹೋಗಿ. ತೇರು ಸುಮ್ಮನೆ ನಿಂತಿರುವಾಗ ಸುತ್ತು ಹಾಕಲಿ, ಗಾಲಿ ಮುಟ್ಟಲಿ, ಹಗ್ಗ ಎತ್ತಿ ನೋಡಲಿ. ಏನೇನು ಆಗುತ್ತದೆ ಎಂದು ಹಿಂದಿನ ದಿನವೇ ಚಿತ್ರ ಬರೆದು ತೋರಿಸಿ. ಮೊದಲು ಬಸ್ಸು. ಆಮೇಲೆ ಗುಡಿ. ಆಮೇಲೆ ತೇರು. ಆಮೇಲೆ ಬೆಂಡು-ಬತ್ತಾಸು. ಆಮೇಲೆ ಮನೆ. ಕಿವಿಗೆ ಹತ್ತಿ, ತಲೆಗೊಂದು ಟವೆಲ್ಲು ಇರಲಿ. ಸಾಕು ಎನ್ನುವುದಕ್ಕೆ ಒಂದು ಸನ್ನೆ ಕಲಿಸಿ. ಸನ್ನೆ ಮಾಡಿದ ಕೂಡಲೇ ಎದ್ದು ಹೊರಡಿ. "ಇನ್ನೊಂದು ಐದು ನಿಮಿಷ" ಎನ್ನಬೇಡಿ. ಹೇಳಿದರೆ ಕೇಳುತ್ತಾರೆ ಎಂಬ ನಂಬಿಕೆ ಹುಟ್ಟಿದರೆ ಚೀರುವ ಅಗತ್ಯವೇ ಕಡಿಮೆಯಾಗುತ್ತದೆ. ಕಿಸೆಯಲ್ಲಿ ಮನೆಯ ಫೋನ್ ನಂಬರು ಬರೆದ ಚೀಟಿ ಹಾಕುವುದನ್ನು ಮರೆಯಬೇಡಿ.

ಬೆಟಗೇರಿಯ ಆ ತಾಯಿ ಮಾಡಿದ್ದೂ ಇದನ್ನೇ. ನಳ ಬರುವ ಸುಳಿವು ಸಿಕ್ಕ ಸಂಜೆ, ನಳದ ಚಿತ್ರ ಬರೆದು ಮಗನ ಹಾಸಿಗೆಯ ಬಳಿ ಅಂಟಿಸಿದಳು. ಬ್ಯಾರೆಲ್ಲಿಗೆ ಬೇರೆ ಜಾಗ ಹುಡುಕಿದಳು. ಮೋಟಾರಿನ ಗುಂಡಿಯನ್ನು ಮಗನ ಕೈಯಿಂದಲೇ ಒತ್ತಿಸಿದಳು. ಚೀರಾಟ ಪೂರ್ತಿ ನಿಂತಿತು ಎಂದು ನಾನು ಹೇಳುವುದಿಲ್ಲ. ಅರ್ಧ ತಾಸಿನದು ಐದು ನಿಮಿಷಕ್ಕೆ ಬಂತು. ಒಂದು ಮನೆಗೆ ಅದು ಸಣ್ಣ ಬದಲಾವಣೆಯಲ್ಲ.

ಸದ್ದು, ರುಚಿ, ಸ್ಪರ್ಶ ಮಗುವಿಗೆ ಬೇರೆಯಾಗಿ ತಟ್ಟುತ್ತವೆ ಎಂದು ನೋಡಿದೆವು. ಮುಂದಿನದು ಮಾತು.

ಹೆಸರು ಹಿಡಿದು ಕರೆದರೆ ತಿರುಗಿ ನೋಡದ ಮಗುವಿಗೆ ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ಆಟಿಸಂ ಎಂದುಕೊಂಡದ್ದು ಕಿವುಡೂ ಇರಬಹುದು. ಒಂದೂವರೆ ವರ್ಷಕ್ಕೂ ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಕೂಡಿಸದಿದ್ದರೆ, ಬಂದ ಮಾತು ನಿಂತುಹೋದರೆ, ಕಾಯಬೇಡಿ. "ಅವರ ಅಪ್ಪಗೂ ಮಾತು ತಡಾ ಬಂತು" ಎನ್ನುವ ಹಿರಿಯರ ಮಾತಿನ ಹಿಂದೆ ಪ್ರೀತಿ ಇದೆ, ನಿಜ. ಆದರೆ ಆ ಸಮಾಧಾನದಲ್ಲಿ ಮೂರು ವರ್ಷ ಕಳೆದುಹೋಗುತ್ತವೆ. ತೋರಿಸಿದರೆ ನಷ್ಟವೇನೂ ಇಲ್ಲ.

ನಮ್ಮ ಕಡೆ ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ ಆಡುವ ಕುಟುಂಬಗಳು ಬಹಳ. ಎರಡು ಭಾಷೆಯಿಂದಲೇ ಮಗುವಿಗೆ ಗೊಂದಲ, ಒಂದನ್ನು ಬಿಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎರಡು ಭಾಷೆಯಿಂದ ಆಟಿಸಂ ಬರುವುದಿಲ್ಲ, ಹೆಚ್ಚುವುದೂ ಇಲ್ಲ. ತಾಯಿ ತನ್ನ ಭಾಷೆಯಲ್ಲೇ ಲಾಲಿ ಹಾಡಲಿ. ಮಾತು ಬರುವವರೆಗೆ ಚಿತ್ರದ ಚೀಟಿ, ಕೈಸನ್ನೆ, ಏನು ಸಾಧ್ಯವೋ ಅದನ್ನು ಬಳಸಿ. ಸನ್ನೆ ಕಲಿಸಿದರೆ ಮಾತು ಬರುವುದಿಲ್ಲ ಎಂಬ ಹೆದರಿಕೆ ಬೇಡ.

"ನನ್ನ ಮಾರಿ ನೋಡಿ ಮಾತಾಡು" ಎಂದು ಗದ್ದ ಹಿಡಿದು ಎತ್ತುವುದನ್ನೂ ಬಿಡಿ. ಎಷ್ಟೋ ಮಕ್ಕಳಿಗೆ ಕಣ್ಣು ನೋಡುತ್ತಾ ಮಾತು ಕೇಳುವುದು ಆಗುವುದಿಲ್ಲ. ಗೋಡೆ ನೋಡುತ್ತಿರುವ ಮಗು ನಿಮ್ಮ ಮಾತನ್ನೇ ಕೇಳುತ್ತಿರಬಹುದು.

ಮಗುವಿಗೆ ತೆರೆದಿರುವ ದಾರಿಯಲ್ಲೇ ಕಲಿಸಬೇಕು ಎಂಬ ಮಾತು ಗದುಗಿನವರಿಗೆ ಬೇಗ ಅರ್ಥವಾಗಬೇಕು. ಇಲ್ಲಿ ವೀರೇಶ್ವರ ಪುಣ್ಯಾಶ್ರಮವಿದೆ. ಅಲ್ಲಿ ಸಂಗೀತ ಕಲಿಸಿದ ಪಂಚಾಕ್ಷರ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. 2010ರಲ್ಲಿ ತೀರಿಕೊಳ್ಳುವವರೆಗೆ ಪುಟ್ಟರಾಜರು ಆ ಆಶ್ರಮದಲ್ಲಿ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಕೊಟ್ಟು ಸಂಗೀತ ಕಲಿಸಿದರು. ಅಲ್ಲಿ ಯಾರೂ ಮಗುವಿಗೆ "ಇನ್ನಷ್ಟು ಪ್ರಯತ್ನ ಮಾಡು, ಕಣ್ಣು ಕಾಣುತ್ತದೆ" ಎನ್ನಲಿಲ್ಲ. ಕಿವಿಯ ದಾರಿ ತೆರೆದಿತ್ತು, ಆ ದಾರಿಯಲ್ಲಿ ಕಲಿಸಿದರು. ಕಣ್ಣಿದ್ದ ಗಾಯಕ ಬಸವರಾಜ ರಾಜಗುರು ಅವರೂ ಪಂಚಾಕ್ಷರ ಗವಾಯಿಗಳ ಬಳಿಯೇ ಕಲಿತರು. ಕಣ್ಣಿಗೆ ಕಾಣುವ ಕೊರತೆಗೆ ಇಷ್ಟು ದೊಡ್ಡ ಮನಸ್ಸು ತೋರಿದ ಊರು ನಮ್ಮದು. ಕಣ್ಣಿಗೆ ಕಾಣದ ತೊಂದರೆಗೆ ಮಾತ್ರ ಬೆತ್ತ ಹಿಡಿಯುತ್ತೇವೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ.

ಬೆತ್ತದ ಮಾತು ಬಂತು, ಶಾಲೆಗೇ ಹೋಗೋಣ. ಮನೆಯಲ್ಲಿ ಹಟ ಎನಿಸಿಕೊಂಡದ್ದು ಶಾಲೆಯಲ್ಲಿ ಸೋಮಾರಿತನ ಎನಿಸಿಕೊಳ್ಳುತ್ತದೆ. ನಾಲ್ಕನೆಯ ತರಗತಿಯ ಒಬ್ಬ ಹುಡುಗ. ಕತೆ ಹೇಳಲು ಹಚ್ಚಿದರೆ ತರಗತಿಯೇ ಬಾಯಿ ತೆರೆದು ಕೇಳುತ್ತದೆ. ಓದಲು ಹಚ್ಚಿದರೆ 'ಬ' ಮತ್ತು 'ಭ' ಅವನಿಗೆ ಒಂದೇ. 'ಪ' ಯಾವುದು, 'ಷ' ಯಾವುದು ತಿಳಿಯುವುದಿಲ್ಲ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾನೆ. ಕನ್ನಡದ ಕಾಗುಣಿತ, ಒತ್ತಕ್ಷರ ಪೂರ್ತಿ ಕೈವಶವಾಗಲು ಸಾಮಾನ್ಯ ಮಕ್ಕಳಿಗೂ ನಾಲ್ಕೈದು ವರ್ಷ ಹಿಡಿಯುತ್ತದೆ. ಈ ಮಗುವಿಗೆ ಇನ್ನೂ ಹೆಚ್ಚು. ಓದುವ ಪಾಳಿ ತನ್ನ ಹತ್ತಿರ ಬರುವಾಗ ಇವನು ನೀರು ಕುಡಿಯಲು ಎದ್ದುಹೋಗುತ್ತಾನೆ. ಪಕ್ಕದವನನ್ನು ಚಿವುಟಿ ಬೈಸಿಕೊಳ್ಳುತ್ತಾನೆ. ದಡ್ಡ ಎನಿಸಿಕೊಳ್ಳುವುದಕ್ಕಿಂತ ತುಂಟ ಎನಿಸಿಕೊಳ್ಳುವುದು ಅವನಿಗೆ ವಾಸಿ. ಡಿಸ್ಲೆಕ್ಸಿಯಾ ಇರುವ ಇಂಥ ಮಗುವಿನ ಕತೆಯನ್ನು 2007ರ 'ತಾರೇ ಜಮೀನ್ ಪರ್' ಚಿತ್ರದಲ್ಲಿ ನೀವು ನೋಡಿರಬಹುದು.

ಗುರುಗಳೇ, ಅಕ್ಕೋರೇ, ನಿಮ್ಮಲ್ಲಿ ಒಂದು ವಿನಂತಿ. ಅರವತ್ತು ಮಕ್ಕಳ ನಡುವೆ ನಿಮ್ಮ ಕಷ್ಟ ನನಗೆ ತಿಳಿಯುತ್ತದೆ. ಓದಲು ಕಷ್ಟಪಡುವ ಆ ಮಗುವನ್ನು ಎಬ್ಬಿಸಿ ನಿಲ್ಲಿಸಿ ಓದಿಸಬೇಡಿ. ಬಾಯಿಂದ ಉತ್ತರ ಕೇಳಿ. ಎಡಿಎಚ್‌ಡಿ ಇರುವ ಮಗುವಿಗೆ ಡಸ್ಟರ್ ತರಲು, ಹಾಜರಿ ಪುಸ್ತಕ ಒಯ್ಯಲು ಹೇಳಿ, ಅದರ ಕಾಲಿಗೆ ಕೆಲಸ ಕೊಡಿ. ಹೊಡೆಯಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವಿಗೆ ಏಟನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ತಂದೆತಾಯಿಗಳೇ, ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ನೇಮಿಸಿದ ಸಂಪನ್ಮೂಲ ಶಿಕ್ಷಕರ ಬಗ್ಗೆ ನಿಮ್ಮ ತಾಲ್ಲೂಕಿನ ಬಿಇಒ ಕಚೇರಿಯಲ್ಲಿ ಕೇಳಿ. ಸಂಕೋಚ ಬೇಡ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಇರುವ ಮಗುವಿಗೆ ಹೆಚ್ಚಿನ ಸಮಯ ಸಿಗುತ್ತದೆ. ಬರೆಯಲು ಸಹಾಯಕರು ಸಿಗುತ್ತಾರೆ. ಆದರೆ ನ್ಯೂನತೆಯ ಪ್ರಮಾಣಪತ್ರ ಬೇಕು. ಅದಕ್ಕೆ ಹತ್ತನೆಯ ತರಗತಿಯವರೆಗೆ ಕಾಯಬೇಡಿ.

ಮನೆ, ಊಟ, ಜಾತ್ರೆ, ಮಾತು, ಶಾಲೆ ಇಷ್ಟಾಯಿತು. ಮಗು ಬೆಳೆಯುತ್ತದೆ. ಹದಿಹರೆಯ ಬರುತ್ತದೆ. ಆಗಲೂ ನಡವಳಿಕೆಯನ್ನು ಮಾತಿನಂತೆಯೇ ಕೇಳಬೇಕು.

ಹದಿನಾಲ್ಕರ ಹುಡುಗಿ ಶಾಲೆಯಲ್ಲಿ ಬಹಳ ಶಾಂತ. ಮನೆಗೆ ಬಂದ ಕೂಡಲೇ ಬ್ಯಾಗು ಎಸೆದು, ಕೋಣೆ ಸೇರಿ ಅಳುತ್ತಾಳೆ. "ಮನ್ಯಾಗಷ್ಟ ಈ ನಾಟಕ" ಎನ್ನುತ್ತಾರೆ. ನಿಜ ಹೇಳಬೇಕೆಂದರೆ, ಆಕೆ ದಿನವಿಡೀ ಗೆಳತಿಯರನ್ನು ನೋಡಿ ನೋಡಿ, ಅವರಂತೆ ನಕ್ಕು, ಅವರಂತೆ ಕುಳಿತು ದಣಿದಿದ್ದಾಳೆ. ಹೆಣ್ಣುಮಕ್ಕಳಲ್ಲಿ ಆಟಿಸಂ, ಎಡಿಎಚ್‌ಡಿ ಬೇಗ ಗೊತ್ತಾಗದೇ ಉಳಿಯುವುದಕ್ಕೆ ಇದೂ ಒಂದು ಕಾರಣ. ಆಕೆಗೆ ಬೇಕಾದದ್ದು ಬಂದ ಮೇಲೆ ಒಂದು ತಾಸು ಪ್ರಶ್ನೆಗಳಿಲ್ಲದ ಏಕಾಂತ.

ಮುಟ್ಟಿನ ಬಗ್ಗೆ ಮೊದಲೇ ಹೇಳಿಕೊಡಿ. ಪ್ಯಾಡು ತೋರಿಸಿ, ಕೈಯಲ್ಲಿ ಹಿಡಿಸಿ, ಸುಮ್ಮನೆ ಒಂದೆರಡು ತಾಸು ಹಾಕಿಸಿ ರೂಢಿ ಮಾಡಿಸಿ. ಅದರ ಸ್ಪರ್ಶ ಆಗದಿದ್ದರೆ ಮೆತ್ತನೆಯ ಹತ್ತಿ ಬಟ್ಟೆ ಇರಲಿ. ಗಂಡುಮಕ್ಕಳಿಗೆ ಮೈಯಲ್ಲಾಗುವ ಬದಲಾವಣೆಯನ್ನು ಅಪ್ಪನೋ ಮಾಮನೋ ನೇರ ಮಾತಿನಲ್ಲಿ ಹೇಳಲಿ. ಯಾವುದು ಬಾಗಿಲು ಹಾಕಿಕೊಂಡು ಮಾಡುವುದು, ಯಾವುದು ಜನರ ಮುಂದೆ ಮಾಡಬಾರದ್ದು, ಇದನ್ನು ಬೈಗುಳವಿಲ್ಲದೆ ತಿಳಿಸಲಿ. ಇನ್ನೊಂದು ಮಾತು, ಇದಕ್ಕೆ ದಯವಿಟ್ಟು ಕಿವಿಗೊಡಿ. ಹೇಳಿದ್ದನ್ನು ಕೇಳುವುದೊಂದನ್ನೇ ಕಲಿತ ಮಗು ಕೆಟ್ಟವರು ಹೇಳಿದ್ದನ್ನೂ ಕೇಳುತ್ತದೆ. "ಬ್ಯಾಡ" ಎನ್ನಲು ಕಲಿಸಿ. ಮನೆಯಲ್ಲಿ ಅದು ಬ್ಯಾಡ ಎಂದಾಗ ಮೊದಲು ನೀವು ನಿಲ್ಲಿ.

ಆಟಿಸಂ ಇರುವ ಕೆಲವರಿಗೆ ಹದಿಹರೆಯದಲ್ಲಿ ಮೂರ್ಛೆ ಶುರುವಾಗಬಹುದು. ಮೂರ್ಛೆಗೆ ಔಷಧ ಇದೆ, ತಡಮಾಡಬೇಡಿ. ಎಡಿಎಚ್‌ಡಿಗೂ ಮನೋವೈದ್ಯರು ಬರೆದುಕೊಡುವ ಔಷಧ ಎಷ್ಟೋ ಮಕ್ಕಳಿಗೆ ನೆರವಾಗುತ್ತದೆ. ಆಟಿಸಂ ಅನ್ನೇ ತೆಗೆದುಹಾಕುವ ಔಷಧ ಮಾತ್ರ ಯಾವುದೂ ಇಲ್ಲ. ಇದೆ ಎಂದು ಹೇಳಿ ಲಕ್ಷಾಂತರ ರೂಪಾಯಿ ಕೇಳುವವರಿದ್ದಾರೆ. ಅವರಿಗಾಗಿ ಹೊಲ ಮಾರಬೇಡಿ. ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಆಟಿಸಂಗೆ ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಹಾಗಾದರೆ ಹೋಗುವುದೆಲ್ಲಿಗೆ? ಅಂಗನವಾಡಿಗೆ, ಶಾಲೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬರುತ್ತದೆ. ಅವರು ಬಂದ ದಿನ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ. ಗದುಗಿನಲ್ಲಿ ಜಿಮ್ಸ್ ಆಸ್ಪತ್ರೆ ಇದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಅದರ ಹೆಸರು ಕೇಳಿ ಹಿಂಜರಿಯುವವರನ್ನು ನೋಡಿದ್ದೇನೆ. ಅಲ್ಲಿ ಮಕ್ಕಳನ್ನೂ ನೋಡುತ್ತಾರೆ, ಯಾವ ಅವಮಾನವೂ ಅದರಲ್ಲಿಲ್ಲ. ಮಾತು ಮತ್ತು ಕಿವಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಫೋನಿನಲ್ಲಿ ಮಾತಾಡಬೇಕೆಂದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಇದೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಇರುತ್ತದೆ. ನಂಬರು 14416. ಇನ್ನೊಮ್ಮೆ ಹೇಳುತ್ತೇನೆ, ಒಂದು ನಾಲ್ಕು ನಾಲ್ಕು ಒಂದು ಆರು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳಿವೆ. ಆಟಿಸಂ ಅದರಲ್ಲಿದೆ, ಕಲಿಕಾ ನ್ಯೂನತೆ ಅದರಲ್ಲಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಮಾಡಿಸಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಆಟಿಸಂ ಇರುವ ಮಗುವಿಗೆ ನಿರಾಮಯ ಎಂಬ ಆರೋಗ್ಯ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ.

ಆಸ್ಪತ್ರೆಗೆ ಹೋಗುವ ಮೊದಲು ಒಂದು ನೋಟುಬುಕ್ಕು ಮಾಡಿ. ಮಗು ಚೀರಿದ ಪ್ರತಿ ಸಲ ಮೂರು ಸಾಲು ಬರೆಯಿರಿ. ಅದಕ್ಕಿಂತ ಮೊದಲು ಏನಾಯಿತು? ಮಗು ಏನು ಮಾಡಿತು? ಆಮೇಲೆ ನೀವೇನು ಮಾಡಿದಿರಿ? ಬರೆಯಲು ಬರದಿದ್ದರೆ ಶಾಲೆಗೆ ಹೋಗುವ ಮನೆಯ ಹುಡುಗರಿಂದ ಬರೆಸಿ. ಹದಿನೈದು ದಿನದ ಬರಹ ಕೈಯಲ್ಲಿದ್ದರೆ ವೈದ್ಯರಿಗೂ ದಾರಿ ಬೇಗ ಸಿಗುತ್ತದೆ.

ಇಷ್ಟು ಹೊತ್ತು ಇಂಥ ಮಕ್ಕಳ ತಂದೆತಾಯಿಗಳೊಡನೆ ಮಾತಾಡಿದೆ. ಕೊನೆಯ ಮಾತು ಉಳಿದವರಿಗೆ. ನೀವು ಆ ಮಗುವಿನ ಕಾಕಾ ಇರಬಹುದು, ಅತ್ತಿ ಇರಬಹುದು, ನೆರೆಮನೆಯವರಿರಬಹುದು. ಮದುವೆ, ಸೀಮಂತ, ಜವಳ ಎಂದು ಕರೆಯುವಾಗ ಆ ಮಗುವನ್ನು ಬಿಟ್ಟು ಬಾ ಎನ್ನಬೇಡಿ. ಬಂದರೆ ಕೂಡಲು ಸದ್ದಿಲ್ಲದ ಒಂದು ಕೋಣೆ ತೋರಿಸಿ. ಆ ತಾಯಿಗೆ ಉಪದೇಶ ಬೇಕಾದಷ್ಟು ಸಿಕ್ಕಿದೆ, ನಿದ್ದೆ ಸಿಕ್ಕಿಲ್ಲ. ವಾರಕ್ಕೆ ಎರಡು ತಾಸು ಮಗುವನ್ನು ನೀವು ನೋಡಿಕೊಳ್ಳಿ. ಏನು ತಿನ್ನುತ್ತದೆ, ಯಾವ ಸದ್ದಿಗೆ ಹೆದರುತ್ತದೆ, ಸಾಕು ಎನ್ನಲು ಯಾವ ಸನ್ನೆ ಮಾಡುತ್ತದೆ, ಇದನ್ನು ತಾಯಿಯಿಂದ ಕೇಳಿ ತಿಳಿದುಕೊಳ್ಳಿ. ಬರುವ ಭಾನುವಾರದಿಂದಲೇ ಶುರು ಮಾಡಿ.